ಎರಡು ಸೈಲೆನ್ಸರಿನ ಆಸೆ

ಪತ್ರ: ‘ಸಂಪಾದಕರಿಗೆ ನಮಸ್ಕಾರ. ನನಗೀಗ ಇಪ್ಪತ್ತೊಂಬತ್ತು ವರ್ಷ. ಮೂರು ವರ್ಷದ ಹಿಂದೆ ಕೊಂಡ ಕೆಟಿಎಂ ಆರ್‌ಸಿ 390 ಬೈಕ್ ನನ್ನ ಬಳಿ ಇದೆ. ಮೈಸೂರಿನ ನಿವೃತ್ತರೊಬ್ಬರು ತಮ್ಮ 1982ರ ಯೆಜ್ಡಿ ರೋಡ್‌ಕಿಂಗ್ ಮಾರುತ್ತಿದ್ದಾರೆ. ಅವರ ಮಗನಿಗೆ ನನ್ನ ಬೈಕ್ ಮೆಚ್ಚುಗೆಯಾಗಿದೆ. ಅದಲು ಬದಲು ಮಾಡಿಕೊಂಡು, ಮೇಲೆ ಸ್ವಲ್ಪ ಹಣವನ್ನೂ ಕೊಡುತ್ತೇವೆ ಎನ್ನುತ್ತಿದ್ದಾರೆ. ನಮ್ಮ ಮನೆಯವರು ಇದು ಹುಚ್ಚು ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ದಿನವೂ ಕಚೇರಿಗೆ ಹೋಗಲು ಸ್ಕೂಟರ್ ಇದೆ. ಬೈಕ್ ಏನಿದ್ದರೂ ಭಾನುವಾರಕ್ಕೆ. ಹಳೆಯ ಯೆಜ್ಡಿ ಹೂಡಿಕೆಯಾಗಿಯೂ ಒಳ್ಳೆಯದು ಎಂದು ಕೇಳಿದ್ದೇನೆ. ನಿಮ್ಮ ಬರಹಗಳಲ್ಲಿ ಯೆಜ್ಡಿ ಆಗಾಗ ಬಂದು ಹೋಗುವುದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಫೋಟೋಗಳನ್ನು ಲಗತ್ತಿಸಿದ್ದೇನೆ.’

— ಒಬ್ಬ ಓದುಗ, ಹಾಸನ

ಉತ್ತರ: ಮೇಜಿನ ಮೇಲೆ ಪ್ರಶಸ್ತಿಗಳ ರಾಜಕೀಯದ ಬಗ್ಗೆ, ಕಳೆದ ಸಂಚಿಕೆಯ ಪದಬಂಧದಲ್ಲಿ ನುಸುಳಿದ ತಪ್ಪಿನ ಬಗ್ಗೆ ಪತ್ರಗಳ ಕಟ್ಟೇ ಇದೆ. ಅದನ್ನು ಪಕ್ಕಕ್ಕೆ ಸರಿಸಿ ನಿಮ್ಮ ಪತ್ರ ಕೈಗೆತ್ತಿಕೊಂಡಿದ್ದೇನೆ. ಪಕ್ಷಪಾತ ಎಂದು ಯಾರಾದರೂ ದೂರಿದರೆ ತಪ್ಪೊಪ್ಪಿಕೊಳ್ಳುತ್ತೇನೆ, ಆದರೆ ಸರಿಪಡಿಸಿಕೊಳ್ಳುವುದಿಲ್ಲ.

ಮೊದಲು ನಿಮ್ಮ ಮನೆಯವರ ಪರವಾಗಿ ಹೇಳಬೇಕಾದದ್ದನ್ನು ಹೇಳಿ ಮುಗಿಸುತ್ತೇನೆ. ನಿಮ್ಮ ಬೈಕಿನದು 373 ಸಿಸಿ ಎಂಜಿನ್, 43 ಅಶ್ವಶಕ್ತಿ. ರೋಡ್‌ಕಿಂಗಿನದು 250 ಸಿಸಿ, ಶಕ್ತಿ 16. ನಿಮ್ಮದಕ್ಕೆ ಡಿಸ್ಕ್ ಬ್ರೇಕ್, ಮೇಲೆ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್. ಯೆಜ್ಡಿಯದು ಡ್ರಮ್ ಬ್ರೇಕ್, ಮಳೆಯಲ್ಲಿ ನೆನೆದ ದಿನ ಹಿಡಿದರೆ ಹಿಡಿಯಿತು. ಅದರ ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲಿನ ಜೊತೆಗೇ ಎಣ್ಣೆಯನ್ನೂ ಸುಡುತ್ತದೆ, ಸುಡದೆ ಉಳಿದ ಒಂದಷ್ಟು ಪೆಟ್ರೋಲನ್ನು ಹಾಗೆಯೇ ಸೈಲೆನ್ಸರಿನಿಂದ ಹೊರಗೆ ದಬ್ಬುತ್ತದೆ. ಹಿಂದೆ ಬರುವವರು ಕೆಮ್ಮಿಕೊಂಡು ನಿಮಗೆ ಶಾಪ ಹಾಕಿದರೆ ಅದು ನ್ಯಾಯವಾದ ಶಾಪ. ಇಷ್ಟು ಸಾಕು. ಅವರ ವಾದವನ್ನು ಆಲಿಸಿದ್ದಾಯಿತು.

ಇನ್ನು ನಿಮಗೊಂದು ಬೈಗುಳ. ‘ಹೂಡಿಕೆಯಾಗಿಯೂ ಒಳ್ಳೆಯದು’ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಯೆಜ್ಡಿಯ ಪೂರ್ವಜ ಜಾವಾ ಬೈಕೊಂದನ್ನು ನಡುಮನೆಯಲ್ಲಿ ನಿಲ್ಲಿಸಿ, ಮೇಲೆ ಬೆಳಕು ಬೀಳುವಂತೆ ದೀಪ ಹಾಕಿಸಿದ್ದಾರೆ. ಟ್ಯಾಂಕಿನಲ್ಲಿ ಒಂದು ತೊಟ್ಟು ಪೆಟ್ರೋಲಿಲ್ಲ. ಬಂದವರಿಗೆಲ್ಲ ಬೆಲೆ ಹೇಳುತ್ತಾರೆ, ವರ್ಷದಿಂದ ವರ್ಷಕ್ಕೆ ಏರಿಸಿ ಹೇಳುತ್ತಾರೆ. ಪಿಸ್ಟನ್ ಒಳಗೇ ಹಿಡಿದುಕೊಂಡು ಎಷ್ಟೋ ವರ್ಷವಾಗಿರಬೇಕು. ಬೆಲೆ ಬೆಳೆಯುವ ವಸ್ತು ಬೇಕಿದ್ದರೆ ಚಿನ್ನ ಕೊಳ್ಳಿ, ಕಿಕ್ ಹೊಡೆಯುವ ತಾಪತ್ರಯವೂ ಇರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಯೆಜ್ಡಿ ‘ನಮ್ಮ ಮೈಸೂರಿನ ಬೈಕ್’ ಎಂದು ಎದೆ ಉಬ್ಬಿಸುವವರಿಗೆ ಅದರ ವಂಶಾವಳಿಯನ್ನು ಹೇಳಿದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ಜೆಕೊಸ್ಲೊವಾಕಿಯದಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕ್ ತಯಾರಿಕೆಯ ಹಕ್ಕು ಕೊಂಡ. ರೋಮನ್ ಲಿಪಿಯಲ್ಲಿ ಅವನ ಮನೆತನದ ಹೆಸರಿನ ಮೊದಲ ಎರಡು ಅಕ್ಷರಕ್ಕೆ (JA) ವಾಂಡರರ್‌ನ ಮೊದಲ ಎರಡು ಅಕ್ಷರ (WA) ಸೇರಿ ಜಾವಾ ಆಯಿತು. ಜಾವಾ ದ್ವೀಪಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇರಾನಿ ಮನೆತನದವರು ಆ ಬೈಕಿನ ಪರವಾನಗಿ ತಂದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹಾಕಿದರು. 1961ರಲ್ಲಿ ಬೈಕುಗಳು ಹೊರಬರತೊಡಗಿದವು. ಎಪ್ಪತ್ತರ ದಶಕದ ಆರಂಭದಲ್ಲಿ ಹೆಸರು ಬದಲಾಗಿ ಯೆಜ್ಡಿ ಆಯಿತು. ಅದು ಇರಾನಿನ ಯಜ್ದ್ ಎಂಬ ಊರಿನಿಂದ ಬಂದ ಹೆಸರು. ಜರ್ಮನಿ, ಜೆಕ್, ಇರಾನ್ ಎಲ್ಲ ಸುತ್ತಿ ಬಂದ ಈ ಗಾಡಿ ಮೈಸೂರಿನದು ಆದದ್ದಾದರೂ ಹೇಗೆ? ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ ಗೋಣಿಚೀಲ ಹಾಸಿ ಕುಳಿತವರು ಅದನ್ನು ತಿರುಪು ತಿರುಪಾಗಿ ಬಿಚ್ಚಿ, ಮತ್ತೆ ಜೋಡಿಸಿ, ಒಂದು ತಿರುಪು ಹೆಚ್ಚಿಗೆ ಉಳಿದರೆ ಅದನ್ನು ಡಬ್ಬಿಗೆ ಹಾಕಿ, ಗಾಡಿಯನ್ನು ಓಡಿಸಿ ತೋರಿಸಿದ್ದರಿಂದ. ಬಿಚ್ಚಲು ಬಂದವನಿಗೆ ವಸ್ತು ತನ್ನದಾಗುತ್ತದೆ. ನಾನು ನಂಬಿರುವುದು ಇದೊಂದನ್ನೇ. ಈ ಪತ್ರಿಕೆಯ ಹಳೆಯ ಓದುಗರಿಗೆ ಇದನ್ನು ಕೇಳಿ ಕೇಳಿ ಸಾಕಾಗಿರಬಹುದು. ನೀವು ಹೊಸಬರು, ಸಹಿಸಿಕೊಳ್ಳಿ.

ನಾನು ಉಪಸಂಪಾದಕನಾಗಿದ್ದಾಗ, 1986ರಲ್ಲಿ, ಸೆಕೆಂಡ್‌ಹ್ಯಾಂಡ್ ರೋಡ್‌ಕಿಂಗ್ ಒಂದನ್ನು ಕೊಂಡೆ. ಕೊಂಡ ಎರಡನೇ ತಿಂಗಳು ನಿಮ್ಮ ಹಾಸನದಲ್ಲೊಂದು ಮದುವೆ ಮುಗಿಸಿಕೊಂಡು ಮೈಸೂರಿಗೆ ವಾಪಸಾಗುತ್ತಿದ್ದೆ. ಹೊಳೆನರಸೀಪುರ ದಾಟಿ ಭೇರ್ಯದ ಸಮೀಪಕ್ಕೆ ಬರುವಷ್ಟರಲ್ಲಿ ಎಡಗೈಯಲ್ಲಿದ್ದ ಕ್ಲಚ್ ಲಿವರ್ ಇದ್ದಕ್ಕಿದ್ದಂತೆ ಸಡಿಲವಾಯಿತು, ಕೇಬಲ್ ತುಂಡಾಗಿತ್ತು. ಕತ್ತಲಾಗುತ್ತಿತ್ತು, ಊರು ಇನ್ನೂ ಐವತ್ತು ಕಿಲೋಮೀಟರಿನ ಆಸುಪಾಸು ದೂರ. ರಸ್ತೆ ಪಕ್ಕದಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು. ‘ಯೆಜ್ಡಿಯಲ್ಲವಾ ಸ್ವಾಮಿ, ಕ್ಲಚ್ ಯಾಕೆ ಬೇಕು ಅದಕ್ಕೆ?’ ಎಂದರು. ನನಗೆ ಅವಮಾನವೂ ಆಯಿತು, ಅರ್ಥವೂ ಆಗಲಿಲ್ಲ. ಅವರು ಎಮ್ಮೆಯ ಹಗ್ಗ ನನ್ನ ಕೈಗೆ ಕೊಟ್ಟು ತಾವೇ ಹತ್ತಿ ಕುಳಿತು ತೋರಿಸಿದರು. ಯೆಜ್ಡಿಯ ಗೇರ್ ಲಿವರನ್ನು ಕಾಲಿನಿಂದ ಒತ್ತಿದಾಗಲೇ ಒಳಗೆ ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತದೆ. ಒತ್ತಿ ಹಿಡಿದು, ಎಕ್ಸಲರೇಟರ್ ಕೊಡುತ್ತ ಕಾಲನ್ನು ಮೆಲ್ಲಗೆ ಸಡಿಲಿಸಿದರೆ ಗಾಡಿ ಹೊರಡುತ್ತದೆ. ಆ ರಾತ್ರಿ ಒಂದು ಬಾರಿಯೂ ಕೈಯಲ್ಲಿ ಕ್ಲಚ್ ಹಿಡಿಯದೆ ಮೈಸೂರು ಸೇರಿದೆ. ಮಾರನೆಯ ದಿನ ಮಂಡಿ ಮೊಹಲ್ಲಾದ ನಮ್ಮ ಮೆಕ್ಯಾನಿಕ್ ಭಾಯ್‌ಗೆ ಸಾಹಸವನ್ನು ವರ್ಣಿಸಿ ಹೇಳಿದರೆ ಅವರು ತಲೆ ಎತ್ತಿಯೂ ನೋಡಲಿಲ್ಲ. ಅವರಿಗೆ ಅದು ಮಗ್ಗಿ.

ಆ ಭಾಯ್ ಎಂಜಿನ್ನಿನ ಸ್ಥಿತಿಯನ್ನು ಸ್ಪಾರ್ಕ್ ಪ್ಲಗ್ ನೋಡಿಯೇ ಹೇಳುತ್ತಿದ್ದರು. ಪ್ಲಗ್ ಬಿಚ್ಚಿ, ಅಂಗೈಯಲ್ಲಿಟ್ಟು, ಬಿಸಿಲಿಗೆ ಹಿಡಿಯುತ್ತಿದ್ದರು. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಆರೋಗ್ಯ. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ ಜಾಸ್ತಿ ಅಥವಾ ಕಾರ್ಬುರೇಟರ್ ಸರಿಯಿಲ್ಲ. ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಮಿತಿಮೀರಿ ಬಿಸಿಯಾಗುತ್ತಿದೆ. ಆಮೇಲೆ ಬೆಂಕಿಪೊಟ್ಟಣದ ಗೀರುಪಟ್ಟಿಯಲ್ಲಿ ಪ್ಲಗ್ಗಿನ ತುದಿಯನ್ನು ಉಜ್ಜಿ, ಊದಿ, ಮತ್ತೆ ಕೂಡಿಸುತ್ತಿದ್ದರು. ದಕ್ಷಿಣೆ ಒಂದು ಚಹಾ. ವರ್ಷಕ್ಕೊಮ್ಮೆ ಸೈಲೆನ್ಸರಿನ ಒಳಕೊಳವೆಯನ್ನು ಎಳೆದು ತೆಗೆದು, ಸೀಮೆಎಣ್ಣೆ ಸುರಿದು, ಬೆಂಕಿ ಹಚ್ಚಿ ಒಳಗಿನ ಮಸಿ ಸುಡುತ್ತಿದ್ದರು. ಆ ಹೊಗೆಯ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಹಬ್ಬದ ಹಿಂದಿನ ದಿನದ ನೆನಪು ಬರುತ್ತದೆ, ಏಕೆಂದರೆ ಆ ಕೆಲಸ ನಡೆಯುತ್ತಿದ್ದುದು ಆಯುಧಪೂಜೆಗೆ ಮುಂಚೆ.

ಹಳೆಯ ಜಾವಾದ ಬೀಗದ ಕೈ ಮೊಳೆಯ ಹಾಗಿರುತ್ತಿತ್ತು. ಹೆಡ್‌ಲೈಟಿನ ತಲೆಯ ಮೇಲಿನ ತೂತಿಗೆ ಅದನ್ನು ಚುಚ್ಚಬೇಕು. ಒಬ್ಬರ ಕೀಲಿ ಇನ್ನೊಬ್ಬರ ಗಾಡಿಗೂ ಆಗುತ್ತಿತ್ತು. ಹೀಗಿದ್ದೂ ಊರು ನಡೆಯುತ್ತಿತ್ತು.

ಇದರ ಪಕ್ಕದಲ್ಲಿ ಮೊನ್ನೆಯ ಒಂದು ಪ್ರಸಂಗವನ್ನಿಡುತ್ತೇನೆ. ನಮ್ಮ ಕಚೇರಿಯ ಸಹೋದ್ಯೋಗಿಯ ಮಗನ ಬೈಕ್, ಕಂಪನಿಯ ಹೆಸರು ಬೇಡ, ಸಿಗ್ನಲಿನಲ್ಲಿ ನಿಂತದ್ದು ಮತ್ತೆ ಹೊರಡಲಿಲ್ಲ. ಟೆಂಪೋದಲ್ಲಿ ಹೇರಿಕೊಂಡು ಸರ್ವಿಸ್ ಸೆಂಟರಿಗೆ ಒಯ್ದರು. ಅಲ್ಲಿನ ಹುಡುಗ ಲ್ಯಾಪ್‌ಟಾಪಿನ ವೈರ್ ಚುಚ್ಚಿ, ಪರದೆ ನೋಡಿ, ಯಾವುದೋ ಸೆನ್ಸರ್ ಹೋಗಿದೆ ಎಂದ. ಹೆಬ್ಬೆಟ್ಟಿನ ಗಾತ್ರದ ವಸ್ತು. ಬರಲು ಮೂರು ವಾರ ಹಿಡಿಯಿತು. ಆ ಹುಡುಗನನ್ನು ನಾನು ದೂರುವುದಿಲ್ಲ, ಅವನಿಗೆ ಬಿಚ್ಚುವ ಅನುಮತಿಯೇ ಇಲ್ಲ. ಬದಲಾಯಿಸುವ ಅನುಮತಿ ಮಾತ್ರ ಇದೆ. ಭಾಯ್ ಕೈಯಲ್ಲಿದ್ದದ್ದು ವೈದ್ಯವಿದ್ಯೆ, ಇವನ ಕೈಗೆ ಕೊಟ್ಟಿರುವುದು ಅಂಗಡಿಯ ಬೀಗದ ಕೈ.

ಎಂಬತ್ತರ ದಶಕದ ಎರಡು ಜಾಹೀರಾತುಗಳು ನನಗೆ ಬಾಯಿಪಾಠ. ಯೆಜ್ಡಿಯದು ‘ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ’ ಎನ್ನುತ್ತಿತ್ತು. 1985ರಲ್ಲಿ ಬಂದ ಹೀರೋ ಹೋಂಡಾ 100 ಸಿಸಿ ಬೈಕಿನದು ‘ತುಂಬಿಸಿ, ಮುಚ್ಚಿ, ಮರೆತುಬಿಡಿ’ ಎಂಬ ಅರ್ಥದ್ದು. ಎಂದೆಂದಿಗೂ ಎಂದು ಹೇಳಿಕೊಂಡದ್ದು 1996ರಲ್ಲಿ ಉತ್ಪಾದನೆ ನಿಲ್ಲಿಸಿತು, 2001ರಲ್ಲಿ ಹೈಕೋರ್ಟಿನ ಆದೇಶದಂತೆ ಕಂಪನಿಯೇ ಸಮಾಪನೆಗೊಂಡಿತು. ಮರೆತುಬಿಡಿ ಎಂದದ್ದು ದೇಶವನ್ನೇ ಗೆದ್ದಿತು. ಮೈಲೇಜ್ ಕೊಟ್ಟಿತು, ತಿಂಗಳ ಸಂಬಳದವರ ಮನೆಗಳಲ್ಲಿ ಗೌರವದಿಂದ ನಿಂತಿತು, ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮರೆಯುವುದನ್ನೇ ಒಂದು ಗುಣವೆಂದು ನಮಗೆ ಮಾರಿದ್ದು ಅಲ್ಲಿಂದ ಶುರುವಾಯಿತು. ಈಗ ಎಲ್ಲವನ್ನೂ ಮರೆತಿದ್ದೇವೆ. ಮೊಬೈಲಿನ ಬ್ಯಾಟರಿಯನ್ನು ಗೋಂದು ಹಾಕಿ ಅಂಟಿಸಿ ಕೊಡುತ್ತಾರೆ. ನಮ್ಮ ಮನೆಯ ಮಿಕ್ಸಿ ಕೆಟ್ಟಾಗ ಅಂಗಡಿಯವರು ಜಾರನ್ನು ಮುಟ್ಟಿಯೂ ನೋಡದೆ ‘ರಿಪೇರಿಗಿಂತ ಹೊಸದೇ ಅಗ್ಗ ಸಾರ್’ ಎಂದರು. ಅಗ್ಗ ಯಾರಿಗೆ? ಐಟಿಐ ಫಿಟ್ಟರ್ ಓದಿದ ಹುಡುಗ ಪಾರ್ಸೆಲ್ ಹಂಚುತ್ತಾನೆ. ಪಾನಾ (ಸ್ಪ್ಯಾನರ್) ಎಂದರೆ ಏನೆಂದು ನನ್ನ ಮೊಮ್ಮಗನನ್ನು ಕೇಳಿದೆ. ಬೀಡಾವಾ ತಾತ ಎಂದ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಒಂದು ಪೋರ್ಟಲನ್ನೂ ತೆರೆಯಿತು. ಟ್ರ್ಯಾಕ್ಟರಿನಿಂದ ಮೊಬೈಲಿನವರೆಗೆ ಎಲ್ಲ ಅದರ ವ್ಯಾಪ್ತಿಯಲ್ಲಿದೆ. ಬಿಚ್ಚುವುದು ಹಕ್ಕು ಎಂದು ದೆಹಲಿಯಿಂದ ಹೇಳಿಸಿಕೊಳ್ಳುವ ಕಾಲ ಬಂತಲ್ಲ ಎಂದು ಭೇರ್ಯದ ಆ ಹಿರಿಯರು ನೆನಪಾದರು. ಆಯುಧಪೂಜೆಯ ದಿನ ನಾವು ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುವುದು ಹೇಗೆ ತೆರೆಯಬೇಕೆಂದು ತಿಳಿಯದ ಡಬ್ಬಿಗಳಿಗೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಬಂದಿವೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿವೆ, ಚೆನ್ನಾಗಿಯೇ ಇವೆ. ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ನೋಡಿ ಹತ್ತಿರ ಹೋದೆ, ಸದ್ದು ಕೇಳಿ ಹಿಂದೆ ಬಂದೆ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಕೊಳ್ಳಿ. ಆದರೆ ಮೊದಲು ಹಾಸನದಲ್ಲೇ ಯೆಜ್ಡಿ ಬಿಚ್ಚಬಲ್ಲ ಒಬ್ಬ ಮೆಕ್ಯಾನಿಕ್‌ನನ್ನು ಹುಡುಕಿ, ಆಮೇಲೆ ಯೆಜ್ಡಿಯನ್ನು. ಎರಡು ಭಾನುವಾರ ಅವರ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಕೈ ಜಿಡ್ಡಾಗುವುದು ನಿಮಗೆ ಹಿಡಿಸದಿದ್ದರೆ ಕೆಟಿಎಂ ಇಟ್ಟುಕೊಳ್ಳಿ, ನಾನು ಬೇಸರಪಟ್ಟುಕೊಳ್ಳುವುದಿಲ್ಲ. ಹಿಡಿಸಿದರೆ ಆರ್‌ಸಿ ಪುಸ್ತಕದಲ್ಲಿರುವ ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಗಾಡಿಯ ಮೇಲಿನ ನಂಬರಿನೊಂದಿಗೆ ನೀವೇ ಬಗ್ಗಿ ತಾಳೆ ನೋಡಿ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣವಾಗಬೇಕು, ಅದು ಆಗಿದೆಯೇ ವಿಚಾರಿಸಿ. ಹದಿನೈದು ವರ್ಷವಾಯಿತೆಂದು ಪೆಟ್ರೋಲ್ ಗಾಡಿಯನ್ನು ರಸ್ತೆಯಿಂದ ಎತ್ತಿಹಾಕುವ ನಿಯಮ ನಮ್ಮಲ್ಲಿಲ್ಲ. ಇದನ್ನು ವಿಂಟೇಜ್ ಎಂದು ಯಾರಾದರೂ ಉಬ್ಬಿಸಿ ಹೇಳಿದರೆ ನಂಬಬೇಡಿ: 2021ರ ಕೇಂದ್ರದ ನಿಯಮದಂತೆ ಐವತ್ತು ವರ್ಷ ಮೀರಿದ್ದೇ ವಿಂಟೇಜ್, ಹಾಗೆಂದು ನೋಂದಾಯಿಸಿದ ಗಾಡಿಯನ್ನು ಮಾಮೂಲಿ ಓಡಾಟಕ್ಕೆ ಬಳಸುವಂತೆಯೂ ಇಲ್ಲ. ನಿಮ್ಮದು 2032ರವರೆಗೆ ಬರೀ ಹಳೆಯ ಬೈಕ್. ಅದೇ ವಾಸಿ, ಓಡಿಸಬಹುದು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸೇರುವವರ ನಡುವೆ ಒಮ್ಮೆ ಅಡ್ಡಾಡಿದರೆ ನಾನು ಇಲ್ಲಿ ಬರೆದದ್ದಕ್ಕಿಂತ ಹೆಚ್ಚು ತಿಳಿಯುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದೂ ಸೇರಿದಂತೆ.

ಕೊನೆಗೆ ನಿಮ್ಮ ಫೋಟೋಗಳು. ಎರಡನೆಯದನ್ನು, ಹಿಂದಿನಿಂದ ತೆಗೆದದ್ದನ್ನು, ಭೂತಗನ್ನಡಿ ಹಿಡಿದು ನೋಡಿದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಯೆಜ್ಡಿಯ ಲಕ್ಷಣ, ಅವೆರಡೂ ಅವಳಿಗಳು. ನಿಮ್ಮ ಫೋಟೋದಲ್ಲಿ ಎಡಗಡೆಯದು ಬಲಗಡೆಯದಕ್ಕಿಂತ ನಾಲ್ಕು ಬೆರಳು ಉದ್ದ ಕಾಣುತ್ತಿದೆ, ತುದಿಯ ಬೆಸುಗೆಯೂ ಬೇರೆ. ಆ ಕಡೆ ಗಾಡಿ ಎಂದೋ ಬಿದ್ದಿರಬೇಕು. ಮಾತು ಕೊಡುವ ಮುಂಚೆ ಆ ನಿವೃತ್ತರನ್ನು ಯಾವಾಗ ಬಿದ್ದದ್ದು, ಎಲ್ಲಿ ಎಂದು ಕೇಳಿ. ಚಾಸಿ ಸೊಟ್ಟಗಾಗಿಲ್ಲವೇ ಎಂದು ಹಿಂದೆ ನಿಂತು ಎರಡೂ ಚಕ್ರ ಒಂದೇ ಗೆರೆಗೆ ಬರುತ್ತವೆಯೋ ನೋಡಿ. ಅವರ ಉತ್ತರ ಏನೆಂದು ಮುಂದಿನ ಪತ್ರದಲ್ಲಿ ಬರೆಯಿರಿ. ಪದಬಂಧದ ಪತ್ರಗಳು ಇನ್ನೊಂದು ತಿಂಗಳು ಕಾಯುತ್ತವೆ.

— ಸಂಪಾದಕ