ಆಂಟಿವೈರಸ್ ಆಫ್ ಮಾಡಬೇಡಿ, ಆ ಒಂದು ಫೈಲನ್ನು ಮಾತ್ರ ಬಿಡಿಸಿಕೊಳ್ಳಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ತಂದೆಯವರು ವರ್ಷಗಳಿಂದ ಬಳಸುತ್ತಿದ್ದ ಕನ್ನಡ ಟೈಪಿಂಗ್ ಸಾಫ್ಟ್‌ವೇರನ್ನು ಹೊಸ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟಿರಿ. ಮೊದಲ ದಿನ ಚೆನ್ನಾಗಿತ್ತು. ಮರುದಿನ ನೋಡಿದರೆ ಐಕಾನ್ ಇದೆ, ಒತ್ತಿದರೆ ಏನೂ ತೆರೆಯುತ್ತಿಲ್ಲ. ವಿಂಡೋಸ್ ಜೊತೆಯಲ್ಲೇ ಬರುವ ಆಂಟಿವೈರಸ್ ವಿಂಡೋಸ್ ಡಿಫೆಂಡರ್ ಅದನ್ನು ವೈರಸ್ ಅಂತ ತೆಗೆದುಬಿಟ್ಟಿದೆ. ಡಿಫೆಂಡರನ್ನೇ ಆಫ್ ಮಾಡಿಬಿಡಲಾ ಅಂತ ಕೇಳಿದ್ದೀರಿ.

ಬೇಡ. ಆಫ್ ಮಾಡಿದರೂ ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಆನ್ ಆಗುತ್ತದೆ, ಮತ್ತೆ ಅದೇ ಫೈಲನ್ನು ಹಿಡಿಯುತ್ತದೆ. ನಿಮ್ಮ ಕೆಲಸಕ್ಕೆ ಅಷ್ಟು ದೂರ ಹೋಗುವುದೂ ಬೇಕಿಲ್ಲ. ಫೈಲ್ ಬಹುಶಃ ಇನ್ನೂ ಕಂಪ್ಯೂಟರ್‌ನಲ್ಲೇ ಇದೆ, ಅನುಮಾನದ ಫೈಲುಗಳನ್ನು ಬೇರೆಯಾಗಿ ಕೂಡಿಹಾಕುವ ಕ್ವಾರಂಟೈನ್‌ನಲ್ಲಿ ಕೂತಿದೆ.

ನಾನು ಮನೆಗಳಿಗೆ, ಸಣ್ಣ ಡಿಟಿಪಿ ಅಂಗಡಿಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವವನು. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಮಾಯವಾಯಿತು ಅನ್ನುವ ಕರೆ ನನಗೆ ಹೊಸದಲ್ಲ. ಕಾರಣ ಇದು. ಇಂಗ್ಲಿಷ್ ಕೀಬೋರ್ಡ್‌ನಲ್ಲಿ ನೀವು ಒಂದು ಕೀ ಒತ್ತಿದಾಗ ಈ ಸಾಫ್ಟ್‌ವೇರ್ ಮಧ್ಯದಲ್ಲೇ ಅದನ್ನು ಹಿಡಿದು, ವರ್ಡ್‌ಗೆ ಅದರ ಬದಲು ‘ಕ’ವನ್ನೋ ‘ಮ’ವನ್ನೋ ಕಳಿಸುತ್ತದೆ. ಅಂದರೆ ಯಾವ ಕಿಟಕಿ ತೆರೆದಿದ್ದರೂ ಒತ್ತಿದ ಪ್ರತಿ ಕೀಯನ್ನೂ ಅದು ಕೇಳಿಸಿಕೊಳ್ಳುತ್ತಲೇ ಇರಬೇಕು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೇಳಿಸಿಕೊಳ್ಳುವುದು ಹೀಗೇ. ಟೈಪಿಂಗ್ ಸಾಫ್ಟ್‌ವೇರ್ ಅಕ್ಷರ ಬದಲಿಸುತ್ತದೆ, ಕೀಲಾಗರ್ ಬರೆದಿಟ್ಟುಕೊಂಡು ಹೊರಗೆ ಕಳಿಸುತ್ತದೆ, ಅಷ್ಟೇ ವ್ಯತ್ಯಾಸ. ಆಂಟಿವೈರಸ್‌ಗೆ ಕಾಣುವುದು ನಡವಳಿಕೆ ಮಾತ್ರ, ಉದ್ದೇಶ ಅಲ್ಲ. ಜೊತೆಗೆ ಇಂಥ ಸಾಫ್ಟ್‌ವೇರ್ ವಿಂಡೋಸ್ ಶುರುವಾದಾಗಲೇ ತಾನೂ ಶುರುವಾಗುತ್ತದೆ, ಹಳೆಯ ಇನ್‌ಸ್ಟಾಲರ್‌ನಲ್ಲಿ ಬಂದಿರುತ್ತದೆ, ಎಷ್ಟೋ ಸಲ ತಯಾರಿಸಿದವರು ಯಾರು ಅಂತ ತೋರಿಸುವ ಡಿಜಿಟಲ್ ಸಹಿ ಇರುವುದಿಲ್ಲ. ಇಷ್ಟೂ ಸೇರಿದರೆ ಅನುಮಾನ ಬರುವುದು ಸಹಜ.

ನನಗೆ ಬೇಸರ ತರುವ ಇನ್ನೊಂದು ವಿಷಯ ಇದರಲ್ಲಿದೆ. ಇಳಿಸಿಕೊಂಡ ಫೈಲುಗಳನ್ನು ತಪಾಸಣೆ ಮಾಡುವ ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್ ಒಂದು ಫೈಲನ್ನು ನಂಬುವುದು ಅದರ ಹೆಸರುವಾಸಿಯ ಮೇಲೆ. ಲಕ್ಷಾಂತರ ಜನ ಇಳಿಸಿಕೊಂಡ ಫೈಲಿಗೆ ತಕರಾರಿಲ್ಲ. ಕೆಲವೇ ಸಾವಿರ ಕನ್ನಡಿಗರು ಬಳಸುವ ಫೈಲಿಗೆ ಆ ಹೆಸರು ಬರುವುದೇ ನಿಧಾನ, ಹೊಸ ಆವೃತ್ತಿ ಬಂದರೆ ಮತ್ತೆ ಮೊದಲಿನಿಂದ ಶುರು. ಸಹಿ ಹಾಕುವ ಸರ್ಟಿಫಿಕೇಟ್‌ಗೆ ದುಡ್ಡು ಕಟ್ಟುತ್ತಲೇ ಇರಬೇಕು. ಸಾಫ್ಟ್‌ವೇರನ್ನು ಪುಕ್ಕಟೆ ಹಂಚುವ ಒಬ್ಬ ಕನ್ನಡಿಗ ಆ ದುಡ್ಡು ಎಲ್ಲಿಂದ ತರಬೇಕು? ಹಾಗಾಗಿ ಈ ಪೆಟ್ಟು ದೊಡ್ಡ ಕಂಪನಿಗಳಿಗಿಂತ ನಮ್ಮಂಥ ಭಾಷೆಯವರ ಸಣ್ಣ ಸಾಫ್ಟ್‌ವೇರ್‌ಗಳಿಗೇ ಜಾಸ್ತಿ ಬೀಳುತ್ತದೆ. ದೊಡ್ಡವರಿಗೂ ಬಿದ್ದದ್ದುಂಟು. 2010ರ ಏಪ್ರಿಲ್ 21ರಂದು ಮ್ಯಾಕಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಅಂದುಕೊಂಡು ಜಗತ್ತಿನ ಎಷ್ಟೋ ಆಫೀಸುಗಳ ಕಂಪ್ಯೂಟರ್ ನಿಲ್ಲಿಸಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಆಂಟಿವೈರಸ್ ಗೂಗಲ್ ಕ್ರೋಮನ್ನು ಪಾಸ್‌ವರ್ಡ್ ಕಳ್ಳ ಅಂತ ಅಳಿಸಿತ್ತು. ಆದರೆ ಕ್ರೋಮ್‌ಗೆ ಅದೇ ದಿನ ತಿದ್ದುಪಡಿ ಸಿಕ್ಕಿತು. ನಮ್ಮದಕ್ಕೆ ಯಾರಾದರೂ ಬರೆದು ತಿಳಿಸುವ ತನಕ ಸಿಗುವುದು ಕಷ್ಟ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಅಂತ ಹುಡುಕಿ ತೆರೆಯಿರಿ. ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’, ಅದರೊಳಗೆ ‘ಪ್ರೊಟೆಕ್ಷನ್ ಹಿಸ್ಟರಿ’. ಹಿಡಿದ ಫೈಲ್, ತಾರೀಖು, ಅದಕ್ಕೆ ಕೊಟ್ಟ ಹೆಸರು ಅಲ್ಲಿರುತ್ತದೆ. ಅವಸರ ಮಾಡಿ ‘ರಿಸ್ಟೋರ್’ ಒತ್ತಬೇಡಿ, ಮೊದಲು ಆ ಹೆಸರು ಓದಿ. ‘ವಾಕಾಟ್ಯಾಕ್’ ಅಂತಿದ್ದು, ಕೊನೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಮತ್ತು ‘ಎಂಎಲ್’ ಅನ್ನುವ ಎರಡು ಇಂಗ್ಲಿಷ್ ಅಕ್ಷರ ಇದ್ದರೆ, ಅದು ಮಷೀನ್ ಲರ್ನಿಂಗ್ ಕೊಟ್ಟ ತೀರ್ಪು. ಇಂಥದ್ದೇ ವೈರಸ್ ಅಂತ ಗುರುತು ಸಿಕ್ಕಿದ್ದಲ್ಲ, ಮೇಲ್ನೋಟಕ್ಕೆ ಹೋಲುತ್ತದೆ ಅಂತ ಹಿಡಿದದ್ದು. ಸುಳ್ಳು ಎಚ್ಚರಿಕೆಗಳು ಇಂಥ ಹೆಸರಿನಲ್ಲಿ ಬರುವುದು ಬಹಳ. ಹಾಗಂತ ನಿಜವಾದ ವೈರಸ್‌ಗಳೂ ಇದೇ ಹೆಸರಲ್ಲಿ ಸಿಕ್ಕಿಬೀಳುತ್ತವೆ, ಹೆಸರೊಂದನ್ನೇ ನಂಬಿ ತೀರ್ಮಾನಿಸಬೇಡಿ. ‘ಹ್ಯಾಕ್‌ಟೂಲ್’ ಅಂತ ಇದ್ದು, ಫೈಲ್ ದುಡ್ಡು ಕೊಡದೆ ಸಾಫ್ಟ್‌ವೇರ್ ಬಳಸಲು ಅದರ ಬೀಗ ಒಡೆಯುವ ಯಾವುದೋ ಕ್ರ್ಯಾಕ್ ಆಗಿದ್ದರೆ, ಅದು ತಪ್ಪಾಗಿ ಹಿಡಿದದ್ದಲ್ಲ. ಅದನ್ನು ಅಲ್ಲೇ ಬಿಡಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಫೈಲ್ ಎಲ್ಲಿಂದ ಬಂತು? ತಯಾರಿಸಿದವರ ಸ್ವಂತ ತಾಣದಿಂದಲೋ, ಪರಿಚಯದವರ ಪೆನ್‌ಡ್ರೈವ್‌ನಿಂದಲೋ, ಯಾವುದೋ ವಾಟ್ಸ್ಯಾಪ್ ಗುಂಪಿನಿಂದಲೋ? ತಂದೆಯವರ ಹಳೆಯ ಸಿಡಿಯಲ್ಲಿ, ಹಳೆಯ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅಂತಾದರೆ ಅದನ್ನು ಬಿಟ್ಟು, ತಯಾರಕರ ತಾಣದಿಂದ ಹೊಸದಾಗಿ ಇಳಿಸಿಕೊಳ್ಳಿ. ಡಿಟಿಪಿ ಅಂಗಡಿಗಳ ಪೆನ್‌ಡ್ರೈವ್ ದಿನಕ್ಕೆ ಎಷ್ಟು ಕಂಪ್ಯೂಟರ್ ಸುತ್ತಿ ಬರುತ್ತದೆ ಅಂತ ನಾನು ಕಣ್ಣಾರೆ ನೋಡುತ್ತಿದ್ದೇನೆ. ಒಳ್ಳೆಯ ಸಾಫ್ಟ್‌ವೇರ್‌ಗೇ ದಾರಿಯಲ್ಲಿ ವೈರಸ್ ಅಂಟಿರಬಹುದು. ಆಗ ಡಿಫೆಂಡರ್ ಹೇಳಿದ್ದೇ ಸರಿ.

ಹೊಸದಾಗಿ ಇಳಿಸಿದ ಫೈಲನ್ನು ವೈರಸ್‌ಟೋಟಲ್‌ಗೆ ಹಾಕಿ. ಗೂಗಲ್ ಕೈಯಲ್ಲಿರುವ ಈ ಉಚಿತ ತಾಣ ಹತ್ತಾರು ಆಂಟಿವೈರಸ್‌ಗಳಿಂದ ಒಂದೇ ಸಲ ಪರೀಕ್ಷೆ ಮಾಡಿಸುತ್ತದೆ. ಹೆಚ್ಚು ಕೇಳದ ಒಂದೆರಡು ಹೆಸರಿನವು ಮಾತ್ರ ಕೆಂಪು ತೋರಿಸಿ ಉಳಿದವೆಲ್ಲ ಸುಮ್ಮನಿದ್ದರೆ ಸುಳ್ಳು ಎಚ್ಚರಿಕೆ ಇರುವ ಸಾಧ್ಯತೆ ಜಾಸ್ತಿ. ದೊಡ್ಡ ಹೆಸರಿನವೇ ನಾಲ್ಕಾರು ಒಟ್ಟಿಗೆ ಕೂಗಿದರೆ ಕೈಬಿಡಿ. ಒಂದು ಎಚ್ಚರಿಕೆ: ಅಲ್ಲಿ ಹಾಕಿದ ಫೈಲನ್ನು ಭದ್ರತಾ ಕಂಪನಿಗಳೆಲ್ಲ ನೋಡಬಹುದು. ಇನ್‌ಸ್ಟಾಲರ್ ಹಾಕಿ, ಪರವಾಗಿಲ್ಲ. ತಂದೆಯವರ ಬ್ಯಾಂಕ್ ಕಾಗದ, ಆಸ್ತಿ ಪತ್ರ ಅಂಥದ್ದು ಮಾತ್ರ ಹಾಕಬೇಡಿ.

ಇಷ್ಟು ನೋಡಿ ಮನಸ್ಸಿಗೆ ಒಪ್ಪಿದರೆ ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ, ಹಳೆಯ ಪೆನ್‌ಡ್ರೈವ್‌ನದ್ದನ್ನಲ್ಲ, ಪರೀಕ್ಷೆ ಮಾಡಿಸಿದ ಫೈಲನ್ನು ಆರಿಸಿ, ‘ಆ್ಯಕ್ಷನ್ಸ್’ನಲ್ಲಿ ‘ಅಲೌ’ ಅಥವಾ ‘ರಿಸ್ಟೋರ್’ ಒತ್ತಿ. ಮತ್ತೆ ಮತ್ತೆ ಹಿಡಿಯುತ್ತಿದ್ದರೆ ‘ಎಕ್ಸ್‌ಕ್ಲೂಷನ್ಸ್’ ಅನ್ನುವ, ತಪಾಸಣೆಯಿಂದ ವಿನಾಯಿತಿ ಕೊಡುವ ಪಟ್ಟಿಗೆ ಸೇರಿಸಿ. ಅಲ್ಲಿ ‘ಫೈಲ್’, ‘ಫೋಲ್ಡರ್’ ಅಂತೆಲ್ಲ ಆಯ್ಕೆ ಇರುತ್ತವೆ. ‘ಫೈಲ್’ ಆರಿಸಿ, ಆ ಒಂದು ಪ್ರೋಗ್ರಾಂ ಫೈಲನ್ನು ಮಾತ್ರ ಕೊಡಿ. ಡೌನ್‌ಲೋಡ್ಸ್ ಫೋಲ್ಡರ್ ಪೂರ್ತಿ ಕೊಡಬೇಡಿ, ಸಿ ಡ್ರೈವ್ ಅಂತೂ ಖಂಡಿತ ಬೇಡ. ಒಂದು ಮನೆಯಲ್ಲಿ ಲ್ಯಾಪ್‌ಟಾಪ್ ಕಾದ ಕಾವಲಿಯಂತಾಗಿ ಫ್ಯಾನ್ ಒಂದೇ ಸಮನೆ ಕೂಗುತ್ತಿತ್ತು. ಎಕ್ಸ್‌ಕ್ಲೂಷನ್ಸ್ ತೆರೆದರೆ ಒಂದೇ ಸಾಲು: ಸಿ, ಕೋಲನ್, ಒಂದು ಓರೆಗೆರೆ, ಅಂದರೆ ಸಿ ಡ್ರೈವ್ ಪೂರ್ತಿ. ಹಿಂದೆ ಯಾರೋ ರಿಪೇರಿಗೆ ಬಂದವರು ಒಂದು ಸಾಫ್ಟ್‌ವೇರ್ ಓಡಿಸಲು ಹಾಗೆ ಮಾಡಿ ಹೋಗಿದ್ದರು. ಆ ಕಂಪ್ಯೂಟರಿನಲ್ಲಿ ಯಾರದ್ದೋ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ನಡೆಯುತ್ತಿತ್ತು. ಡಿಫೆಂಡರ್ ಹಸಿರು ಗುರುತು ತೋರಿಸುತ್ತಲೇ ಇತ್ತು. ಆ ಮನೆಯವರು ಅದೇ ಕಂಪ್ಯೂಟರ್‌ನಲ್ಲಿ ನೆಟ್ ಬ್ಯಾಂಕಿಂಗ್ ಮಾಡುತ್ತಿದ್ದರು.

ನಿಮ್ಮ ಲ್ಯಾಪ್‌ಟಾಪ್ ಜೊತೆ ಬೇರೆ ಕಂಪನಿಯ ಆಂಟಿವೈರಸ್ ಬಂದಿದ್ದರೆ ಸಾಮಾನ್ಯವಾಗಿ ಡಿಫೆಂಡರ್ ತಾನಾಗಿಯೇ ಹಿಂದೆ ಸರಿದಿರುತ್ತದೆ. ಆಗ ಈ ವಿನಾಯಿತಿಯನ್ನು ಆ ಆಂಟಿವೈರಸ್‌ನೊಳಗೆ ಕೊಡಬೇಕು. ಸಾಫ್ಟ್‌ವೇರ್ ಚೆನ್ನಾಗಿ ತೆರೆದು, ಡಾಕ್ಯುಮೆಂಟ್ಸ್‌ನಲ್ಲಿ ಸೇವ್ ಮಾಡುವಾಗ ಮಾತ್ರ ತಕರಾರು ಬಂದರೆ ಅದು ಮುಖ್ಯ ಫೋಲ್ಡರ್‌ಗಳನ್ನು ಗೊತ್ತಿಲ್ಲದ ಪ್ರೋಗ್ರಾಂಗಳಿಂದ ಕಾಯುವ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’. ಅಲ್ಲಿಯೂ ಒಂದು ಪ್ರೋಗ್ರಾಂಗೆ ಮಾತ್ರ ಅನುಮತಿ ಕೊಡಬಹುದು.

ಹೊಸದಾಗಿ ಬರೆಯುವುದಕ್ಕೆ ಮಾತ್ರ ಸಾಕು ಅಂದರೆ ಸಾಫ್ಟ್‌ವೇರೇ ಬೇಕಿಲ್ಲ. ವಿಂಡೋಸ್ 10ರಲ್ಲಿ 2019ರ ಮೇ ಅಪ್‌ಡೇಟ್‌ನಿಂದ ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಫೊನೆಟಿಕ್ ಕೀಬೋರ್ಡ್ ಜೊತೆಯಲ್ಲೇ ಬರುತ್ತದೆ. ಆದರೆ ತಂದೆಯವರ ಕೈ ಕೆ. ಪಿ. ರಾವ್ ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸಕ್ಕೆ ಕೂತಿದ್ದರೆ, ಹಳೆಯ ಕಡತಗಳೆಲ್ಲ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಯುನಿಕೋಡ್‌ಗೂ ಮುಂಚಿನ ಫಾಂಟ್‌ನಲ್ಲಿ ಇದ್ದರೆ, ಅವರ ಸಾಫ್ಟ್‌ವೇರನ್ನೇ ಉಳಿಸಿಕೊಡಿ. ಈ ವಯಸ್ಸಿನಲ್ಲಿ ಬೆರಳಿನ ರೂಢಿ ಬದಲಿಸಿ ಅನ್ನುವುದು ನ್ಯಾಯವಲ್ಲ.

ಇನ್ನೊಂದು ಕೆಲಸ ದಯವಿಟ್ಟು ಮಾಡಿ. ಮೈಕ್ರೋಸಾಫ್ಟ್ ಸೆಕ್ಯುರಿಟಿ ಇಂಟೆಲಿಜೆನ್ಸ್ ತಾಣದಲ್ಲಿ ಫೈಲ್ ಕಳಿಸುವ ಒಂದು ಪುಟ ಇದೆ. ಮನೆಬಳಕೆಯವರಿಗೂ ಅಲ್ಲಿ ಜಾಗವಿದೆ, ಪ್ರೋಗ್ರಾಮರ್ ಆಗಿರಬೇಕಿಲ್ಲ. ‘ತಪ್ಪಾಗಿ ಹಿಡಿದಿದೆ’ ಅನ್ನುವ ಆಯ್ಕೆ ಆರಿಸಿ, ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಕಂಡ ಹೆಸರು ಬರೆದು, ಇದು ಕನ್ನಡ ಟೈಪ್ ಮಾಡಲು ಬಳಸುವ ಪ್ರೋಗ್ರಾಂ, ಕೀ ಒತ್ತಿದ್ದನ್ನು ಗಮನಿಸುವುದು ಇದರ ಕೆಲಸವೇ ಅಂತ ಎರಡು ಸಾಲು ಸೇರಿಸಿ. ತಯಾರಿಸಿದವರಿಗೂ ಅದೇ ಹೆಸರು ತಿಳಿಸಿ. ಸರಿ ಅಂತ ಮೈಕ್ರೋಸಾಫ್ಟ್‌ನವರಿಗೆ ಕಂಡರೆ ಅವರ ವೈರಸ್ ಪಟ್ಟಿ ತಿದ್ದುತ್ತಾರೆ, ತಿದ್ದಿದ್ದು ಎಲ್ಲರ ಕಂಪ್ಯೂಟರಿಗೂ ಅಪ್‌ಡೇಟ್‌ನಲ್ಲಿ ಹೋಗುತ್ತದೆ. ಆಮೇಲೆ ನೀವು ಕೊಟ್ಟ ವಿನಾಯಿತಿ ತೆಗೆದು ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಇನ್ನೂ ಹಿಡಿಯುತ್ತಿದ್ದರೆ ಹಿಸ್ಟರಿಯಲ್ಲಿ ಕಾಣುವ ಹೆಸರನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.