ಪೊಲೀಸ್ ದಾಖಲೆ ಬೇಕಾದಾಗ ಯಾರಲ್ಲಿ, ಏನೆಂದು ಕೇಳಬೇಕು?

ಪ್ರಶ್ನೆ: ಉದ್ಯೋಗದ ಕಾರಣದಿಂದ ಕಳೆದ ಕೆಲವು ವರ್ಷಗಳಲ್ಲಿ ಬೇರೆಬೇರೆ ದೇಶಗಳಲ್ಲಿ ವಾಸವಾಗಿದ್ದೆ. ಈಗ ಮತ್ತೊಂದು ದೇಶದಲ್ಲಿ ಕೆಲಸ ದೊರೆತಿದ್ದು, ನಾನು ನೆಲೆಸಿದ್ದ ಎಲ್ಲ ಕಡೆಯಿಂದಲೂ ಪೊಲೀಸ್ ದಾಖಲೆ ತರಬೇಕೆಂದು ಸಂಸ್ಥೆಯವರು ತಿಳಿಸಿದ್ದಾರೆ. ಹಿಂದೆ ಒಂದು ಊರಿನಲ್ಲಿ ನೆರೆಮನೆಯವರೊಂದಿಗಿನ ಜಗಳ ಠಾಣೆಯ ಮೆಟ್ಟಿಲೇರಿ, ನನ್ನನ್ನು ವಿಚಾರಣೆಗೆ ಕರೆಸಿದ್ದರು. ಮೊಕದ್ದಮೆ ಹೂಡದೆ ಅದನ್ನು ಅಲ್ಲಿಗೇ ಕೈಬಿಟ್ಟರು. ಅದು ಈಗ ಕಾಣಿಸಿಕೊಳ್ಳುತ್ತದೆಯೇ? ಅರ್ಜಿಯನ್ನು ಆ ಠಾಣೆಗೇ ಸಲ್ಲಿಸಬೇಕೆ?

ಉತ್ತರ: ಅರ್ಜಿ ಬರೆಯುವ ಮೊದಲು, ಸಂಸ್ಥೆಯವರಿಗೆ ಬೇಕಾಗಿರುವ ಕಾಗದ ಯಾವುದು, ಅದು ಯಾವ ಅವಧಿಯನ್ನು ಒಳಗೊಂಡಿರಬೇಕು, ಎಷ್ಟು ತಿಂಗಳಿಗಿಂತ ಹಳೆಯದಾಗಿರಬಾರದು ಎಂಬುದನ್ನು ಅವರಿಂದಲೇ ಲಿಖಿತವಾಗಿ ಕೇಳಿ ಪಡೆಯಿರಿ. ಪೊಲೀಸ್ ದಾಖಲೆ ಎಂದಾಗ ಕೆಲವರ ಮನಸ್ಸಿನಲ್ಲಿರುವುದು ಠಾಣೆಯಲ್ಲಿ ಬರೆದುಕೊಂಡ ದೂರು ಮತ್ತು ವರದಿ, ಕೆಲವರಿಗೆ ನ್ಯಾಯಾಲಯದ ತೀರ್ಪಿನ ಪ್ರತಿ, ಇನ್ನು ಕೆಲವರಿಗೆ ರಾಷ್ಟ್ರಮಟ್ಟದ ಅಪರಾಧ ದಾಖಲೆಗಳನ್ನು ಹುಡುಕಿ ಕೊಡುವ ಪ್ರಮಾಣಪತ್ರ, ಮತ್ತೆ ಕೆಲವರಿಗೆ ಖಾಸಗಿ ಕಂಪನಿಯೊಂದು ಸಿದ್ಧಪಡಿಸುವ ಹಿನ್ನೆಲೆ ಪರಿಶೀಲನಾ ವರದಿ. ಇವುಗಳನ್ನು ಇಟ್ಟುಕೊಂಡವರು ಬೇರೆ, ಕೊಡುವ ನಿಯಮ ಬೇರೆ. ಜನರು ತಿಂಗಳುಗಟ್ಟಲೆ ಕಾಯ್ದು ಕೊನೆಗೆ ಪ್ರಯೋಜನಕ್ಕೆ ಬಾರದ ಕಾಗದ ಹಿಡಿದು ನಿಲ್ಲುವುದು ಹೆಚ್ಚಾಗಿ ಈ ವ್ಯತ್ಯಾಸವನ್ನು ಗಮನಿಸದೆ ಅರ್ಜಿ ಹಾಕಿದಾಗಲೇ.

ವಿದೇಶದ ಕೆಲಸ ಅಥವಾ ವೀಸಾಕ್ಕೆ ಸಾಮಾನ್ಯವಾಗಿ ಕೇಳುವುದು ರಾಷ್ಟ್ರಮಟ್ಟದ ಪ್ರಮಾಣಪತ್ರವನ್ನು. ಅಮೆರಿಕದಲ್ಲಿ ಅದನ್ನು ಎಫ್‌ಬಿಐ ಬೆರಳಚ್ಚಿನ ಆಧಾರದ ಮೇಲೆ ನೀಡುತ್ತದೆ. ಕೆನಡಾದಲ್ಲಿ ರಾಯಲ್ ಕೆನೇಡಿಯನ್ ಮೌಂಟೆಡ್ ಪೊಲೀಸ್, ಆಸ್ಟ್ರೇಲಿಯಾದಲ್ಲಿ ಫೆಡರಲ್ ಪೊಲೀಸ್, ಜರ್ಮನಿಯಲ್ಲಿ ಬಾನ್ ನಗರದಲ್ಲಿರುವ ಫೆಡರಲ್ ನ್ಯಾಯ ಕಚೇರಿ ನೀಡುತ್ತವೆ. ಬ್ರಿಟನ್ನಿನಲ್ಲಿ ಎರಡು ದಾರಿಗಳಿದ್ದು, ವಿದೇಶಕ್ಕೆ ಹೋಗುವವರ ಪೊಲೀಸ್ ಪ್ರಮಾಣಪತ್ರವನ್ನು ಆಕ್ರೊ ಎಂಬ ದಾಖಲೆ ಕಚೇರಿ ಕೊಟ್ಟರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನೊಳಗಿನ ಉದ್ಯೋಗಕ್ಕೆ ಬೇಕಾದ ಪರಿಶೀಲನೆಯನ್ನು ಡಿಬಿಎಸ್ ಎಂಬ ಸರ್ಕಾರಿ ಸಂಸ್ಥೆ ಮಾಡುತ್ತದೆ. ಹೀಗಾಗಿ ವೀಸಾಕ್ಕೆಂದು ಡಿಬಿಎಸ್ ಪತ್ರ ತಂದವರು ಮತ್ತೆ ಮೊದಲಿನಿಂದ ಆರಂಭಿಸಬೇಕಾದೀತು. ಭಾರತೀಯ ಪಾಸ್‌ಪೋರ್ಟ್ ಇರುವವರು ವಿದೇಶದ ಉದ್ಯೋಗ, ವಾಸ ಅಥವಾ ವಲಸೆಗಾಗಿ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ, ಹೊರದೇಶದಲ್ಲಿದ್ದರೆ ಅಲ್ಲಿನ ರಾಯಭಾರ ಕಚೇರಿಯ ಮೂಲಕ ಪಡೆಯಬೇಕು. ಎಲ್ಲಿ ಎಷ್ಟು ಕಾಲ ಇದ್ದರೆ ಪ್ರಮಾಣಪತ್ರ ಬೇಕೆಂಬುದನ್ನು ನಿರ್ಧರಿಸುವುದು ನೀವು ಹೋಗಲಿರುವ ದೇಶ. ಕಳೆದ 10 ವರ್ಷಗಳಲ್ಲಿ ಸತತವಾಗಿ 6 ತಿಂಗಳು ನೆಲೆಸಿದ ಪ್ರತಿಯೊಂದು ದೇಶದ ಪತ್ರವನ್ನು ಕೆನಡಾ ಕೇಳಿದರೆ, ಆಸ್ಟ್ರೇಲಿಯಾ ಅದೇ 10 ವರ್ಷಗಳಲ್ಲಿ ಒಟ್ಟಾರೆ 12 ತಿಂಗಳು ವಾಸವಾಗಿದ್ದ ದೇಶಗಳ ಪತ್ರವನ್ನು ಕೇಳುತ್ತದೆ. ಬಂದುಹೋದ ದಿನಗಳನ್ನು ಹಳೆಯ ಪಾಸ್‌ಪೋರ್ಟಿನ ಮುದ್ರೆಗಳಿಂದ ಲೆಕ್ಕ ಹಾಕಿಟ್ಟುಕೊಳ್ಳಿ.

ಇನ್ನು ನಿಮ್ಮನ್ನು ಕಾಡುತ್ತಿರುವ ಕೈಬಿಟ್ಟ ದೂರಿನ ವಿಷಯ. ಅದು ಠಾಣೆಯ ದಫ್ತರದಲ್ಲಿ ಉಳಿದಿರುವ ಸಾಧ್ಯತೆ ಇದೆ. ಆದರೆ ಠಾಣೆಯಲ್ಲಿ ಇರುವುದೆಲ್ಲವೂ ಪ್ರಮಾಣಪತ್ರದಲ್ಲಿ ಬರುವುದಿಲ್ಲ, ಮತ್ತು ಏನು ಬರುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಜರ್ಮನಿಯ ಪತ್ರದ ಆಧಾರ ನ್ಯಾಯಾಲಯದ ಶಿಕ್ಷೆ, ಠಾಣೆಗೆ ಬಂದ ದೂರಲ್ಲ; ಮೊದಲ ಬಾರಿಗೆ ವಿಧಿಸಿದ, 90 ದಿನಗಳ ಗಳಿಕೆಯನ್ನು ಮೀರದ ದಂಡವೂ ಸಾಮಾನ್ಯ ಪತ್ರದಲ್ಲಿ ಕಾಣಿಸುವುದಿಲ್ಲ. ಬ್ರಿಟನ್ನಿನಲ್ಲಿ ಬೇಸಿಕ್ ಎನ್ನುವ ಪ್ರಾಥಮಿಕ ಹಂತದ ಪರಿಶೀಲನೆ, 1974ರ ಅಪರಾಧಿಗಳ ಪುನರ್ವಸತಿ ಕಾಯ್ದೆಯ ಪ್ರಕಾರ ಬಹಿರಂಗಪಡಿಸಬೇಕಾದ ಅವಧಿ ಇನ್ನೂ ಮುಗಿಯದ ಶಿಕ್ಷೆಗಳು ಮತ್ತು ಮೊಕದ್ದಮೆಯ ಬದಲು ನೀಡುವ ಷರತ್ತುಬದ್ಧ ಎಚ್ಚರಿಕೆಗಳಿಗೆ ಸೀಮಿತ. ಆದರೆ ಮಕ್ಕಳೊಂದಿಗೆ ಅಥವಾ ಅಸಹಾಯಕರೊಂದಿಗೆ ಮಾಡುವ ಕೆಲಸಕ್ಕೆ ನಡೆಸುವ ಎನ್‌ಹ್ಯಾನ್ಸ್ಡ್ ಎಂಬ ಹೆಚ್ಚು ಆಳವಾದ ಪರಿಶೀಲನೆಯಲ್ಲಿ, ಸ್ಥಳೀಯ ಪೊಲೀಸ್ ಮುಖ್ಯಸ್ಥರಿಗೆ ಪ್ರಸ್ತುತವೆಂದು ಸಕಾರಣವಾಗಿ ಅನ್ನಿಸಿದರೆ ಶಿಕ್ಷೆಯಾಗದ ಸಂಗತಿಯನ್ನೂ ಸೇರಿಸಬಹುದು. ಅಮೆರಿಕದಲ್ಲಿ ನಿರ್ಣಾಯಕವಾಗುವುದು ಬೆರಳಚ್ಚು. ಬಂಧಿಸಿ ಬೆರಳಚ್ಚು ತೆಗೆದು ಎಫ್‌ಬಿಐಗೆ ಕಳುಹಿಸಿದ್ದರೆ, ಮೊಕದ್ದಮೆ ಹೂಡದಿದ್ದರೂ ಆ ಬಂಧನ ದಾಖಲೆಯಲ್ಲಿ ಉಳಿಯಬಹುದು. ಮಾತನಾಡಿಸಿ ಕಳುಹಿಸಿದ್ದಷ್ಟೇ ಆಗಿದ್ದರೆ ಅಲ್ಲಿ ದಾಖಲಾಗಲು ಆಧಾರವೇ ಇರುವುದಿಲ್ಲ. ಆದ್ದರಿಂದ ಅಂದು ನಿಮ್ಮ ಬೆರಳಚ್ಚು ತೆಗೆದಿದ್ದರೇ, ನಿಮ್ಮನ್ನು ವಿಧಿವತ್ತಾಗಿ ಬಂಧಿಸಿದ್ದರೇ ಎಂಬುದನ್ನು ನೆನಪಿಸಿಕೊಳ್ಳಿ.

ತಮ್ಮ ಮೇಲೆ ದೂರು ಬಂದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಆದರೂ ಬಂಧನದ ದಾಖಲೆಯೊಂದರ ಮುಂದೆ ಅಂತಿಮ ಫಲಿತಾಂಶದ ಜಾಗ ಖಾಲಿ ಉಳಿದರೆ, ಓದುವವರು ಆ ಖಾಲಿ ಜಾಗವನ್ನು ತಮ್ಮ ಅನುಮಾನದಿಂದ ತುಂಬಿಕೊಳ್ಳುತ್ತಾರೆ, ಮತ್ತು ಈ ಅನ್ಯಾಯ ನಿರಪರಾಧಿಗಳ ಉದ್ಯೋಗವನ್ನೇ ಕಿತ್ತುಕೊಳ್ಳಬಲ್ಲದು. ಹಾಗಾಗಿ ಪ್ರಕರಣ ಮುಕ್ತಾಯವಾಗಿದೆ ಎಂದು ತಿಳಿಸುವ ಪತ್ರವನ್ನು ಠಾಣೆಯಿಂದ ಅಥವಾ ಸರ್ಕಾರಿ ಅಭಿಯೋಜಕರ ಕಚೇರಿಯಿಂದ ಪಡೆದಿಟ್ಟುಕೊಳ್ಳುವುದು, ಅದನ್ನು ಯಾರೂ ಕೇಳದಿದ್ದರೂ, ಶ್ರಮಕ್ಕೆ ತಕ್ಕ ಕೆಲಸ.

ಆ ಪತ್ರಕ್ಕಾಗಿ, ಅಥವಾ ಅಂದಿನ ವರದಿಯ ಪ್ರತಿಗಾಗಿ, ನೀವು ಠಾಣೆಗೆ ಬರೆಯಲೇಬೇಕು. ಅನೇಕ ಕಡೆ ಇದಕ್ಕೆಂದೇ ಪ್ರತ್ಯೇಕ ದಾಖಲೆ ವಿಭಾಗ ಇರುತ್ತದೆ. ‘ನನಗೆ ಸಂಬಂಧಿಸಿದ ಎಲ್ಲ ದಾಖಲೆಗಳನ್ನೂ ಕೊಡಿ’ ಎಂದು ಬರೆದರೆ, ಹುಡುಕುವವರಿಗೆ ಹಿಡಿದುಕೊಳ್ಳಲು ಎಳೆಯೇ ಸಿಗದೆ ಅರ್ಜಿ ಹಿಂದಕ್ಕೆ ಬರುವ ಸಂಭವ ಹೆಚ್ಚು. ಘಟನೆ ನಡೆದ ದಿನಾಂಕ, ಸ್ಥಳ, ಪ್ರಕರಣದ ಸಂಖ್ಯೆ, ದೂರುದಾರರ ಹೆಸರು, ಅಂದು ನಿಮ್ಮ ಹೆಸರನ್ನು ಬರೆದುಕೊಂಡ ರೀತಿ, ಪ್ರಕರಣದಲ್ಲಿ ನೀವು ದೂರುದಾರರೋ ಸಾಕ್ಷಿಯೋ ಆರೋಪಕ್ಕೊಳಗಾದವರೋ ಎಂಬುದು, ಮತ್ತು ನಿಮಗೆ ಬೇಕಾದದ್ದು ನಿರ್ದಿಷ್ಟವಾಗಿ ಯಾವ ಕಾಗದ ಎಂಬುದು ಅರ್ಜಿಯಲ್ಲಿರಲಿ; ಸಂಖ್ಯೆ ನೆನಪಿಲ್ಲದಿದ್ದರೆ ದಿನಾಂಕದ ಅಂದಾಜು ಅವಧಿಯನ್ನಾದರೂ ಕೊಡಿ. ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿ ಪಡೆಯಿರಿ.

ಯಾವ ಕಾನೂನಿನಡಿ ಕೇಳುತ್ತಿದ್ದೀರಿ ಎಂಬುದನ್ನು ಅರ್ಜಿಯಲ್ಲಿ ಹೇಳಿದರೆ ಅದಕ್ಕೆ ತೂಕ ಬರುತ್ತದೆ. ಬ್ರಿಟನ್ನಿನಲ್ಲಿ ನಿಮ್ಮ ಬಗ್ಗೆ ಪೊಲೀಸರಲ್ಲಿರುವ ಮಾಹಿತಿಯನ್ನು 2018ರ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ಉಚಿತವಾಗಿ ಕೇಳಬಹುದು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಬರಬೇಕು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಪೊಲೀಸರಲ್ಲಿರುವ ತಮ್ಮ ಮಾಹಿತಿಯನ್ನು ನೋಡುವ ಹಕ್ಕನ್ನು 2016ರ ಪ್ರತ್ಯೇಕ ನಿರ್ದೇಶನವೊಂದು ಕೊಟ್ಟಿದೆ. ಅಮೆರಿಕದ 1966ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ನಗರ ಪೊಲೀಸರಿಗೆ ಬರೆಯುವಾಗ ಆಯಾ ರಾಜ್ಯದ ಸಾರ್ವಜನಿಕ ದಾಖಲೆಗಳ ಕಾನೂನನ್ನೇ ಉಲ್ಲೇಖಿಸಬೇಕು. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ದೂರುದಾರರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ಆರೋಪಿಗೂ ಪ್ರತಿ ಪಡೆಯುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಸ್ಪಷ್ಟಪಡಿಸಿ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಜಾಲತಾಣದಲ್ಲಿ ಪ್ರಕಟಿಸಬೇಕೆಂದೂ ಆದೇಶಿಸಿತು. ಬೇರೆ ಕಾಗದಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಆದರೆ ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ಅದರ 8(1)(ಎಚ್) ಕಲಮಿನಡಿ ನಿರಾಕರಿಸಬಹುದು. ಬೇರೆ ದೇಶಗಳಲ್ಲೂ ತನಿಖೆ ನಡೆಯುತ್ತಿರುವಾಗ ಕಾಗದ ಸಿಗುವುದು ಕಷ್ಟ, ಸಿಕ್ಕಿದರೂ ಸಾಕ್ಷಿಗಳ ಮತ್ತು ಮಕ್ಕಳ ಹೆಸರುಗಳನ್ನು ಅಳಿಸಿ ಕೊಡುತ್ತಾರೆ. ಅವರ ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದದ್ದೇ. ನಿರಾಕರಿಸಿದಾಗ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೇಲ್ಮನವಿಗೆ ಅದೇ ಆಧಾರ.

ಹೆಸರಿನಿಂದ ಹುಡುಕುವ ವ್ಯವಸ್ಥೆಗಳಲ್ಲಿ ವಿಶೇಷ ಎಚ್ಚರ ಅಗತ್ಯ. ಒಂದೇ ಹೆಸರು, ಒಂದೇ ಜನ್ಮದಿನಾಂಕ ಇರುವ ಇಬ್ಬರು ಇರಬಲ್ಲರು. ಒಂದೇ ವ್ಯಕ್ತಿಯ ಹೆಸರು ಮೂರು ಕಡೆ ಮೂರು ಕಾಗುಣಿತದಲ್ಲಿರುವುದಂತೂ ಇನ್ನೂ ಸಾಮಾನ್ಯ. ಮದುವೆಗೆ ಮುಂಚಿನ ಹೆಸರು, ಇನಿಷಿಯಲ್ ಬಿಡಿಸಿ ಬರೆದ ಹೆಸರು, ಹಿಂದುಮುಂದಾಗಿ ಬರೆದ ಹೆಸರು ಇವೆಲ್ಲವನ್ನೂ ಅರ್ಜಿಯಲ್ಲಿ ಘೋಷಿಸಿ. ಹೆಸರಿನ ಹೊಂದಾಣಿಕೆಯಲ್ಲಿ ಸಂಶಯ ಬಂದರೆ ಬೆರಳಚ್ಚು ಕೊಡಿ ಎನ್ನುತ್ತಾರೆ. ಕೆನಡಾದಲ್ಲಿ ದುರ್ಬಲ ವರ್ಗದವರೊಂದಿಗಿನ ಕೆಲಸಕ್ಕೆ ಮಾಡುವ ಪರಿಶೀಲನೆಯಲ್ಲಿ, ಕ್ಷಮಾದಾನ ಪಡೆದ ಲೈಂಗಿಕ ಅಪರಾಧಿಯೊಬ್ಬರ ಲಿಂಗ ಮತ್ತು ಜನ್ಮದಿನಾಂಕಕ್ಕೆ ಅರ್ಜಿದಾರರದು ಹೊಂದಿದರೂ ಸಾಕು, ಬೆರಳಚ್ಚು ಕೇಳುತ್ತಾರೆ. ಅದು ನಿಮ್ಮ ಮೇಲಿನ ಆರೋಪವಲ್ಲ, ಆ ವ್ಯಕ್ತಿ ನೀವಲ್ಲವೆಂದು ಖಚಿತಪಡಿಸುವ ಕ್ರಮ. ಕೈಕೆಲಸದಿಂದ ಬೆರಳು ಸವೆದವರ ಮತ್ತು ವಯಸ್ಸಾದವರ ಅಚ್ಚು ಮಸುಕಾಗಿ ತಿರಸ್ಕೃತವಾಗುವುದುಂಟು. ಅನುಭವವುಳ್ಳವರಲ್ಲಿ, ಸಾಧ್ಯವಾದರೆ ಎರಡು ಪ್ರತಿ ತೆಗೆಸಿ.

ಪ್ರಮಾಣಪತ್ರ ಬೇರೆ ದೇಶದಲ್ಲಿ ಮಾನ್ಯವಾಗಲು 1961ರ ಹೇಗ್ ಒಪ್ಪಂದದ ಪ್ರಕಾರ ಅಪಾಸ್ಟಿಲ್ ಮುದ್ರೆ ಬೇಕಾಗಬಹುದು. ಅದು ಸಹಿ ಮತ್ತು ಮೊಹರು ಅಸಲಿ ಎನ್ನುತ್ತದೆಯೇ ಹೊರತು ಒಳಗಿನ ವಿಷಯಕ್ಕೆ ಹೊಣೆಯಾಗುವುದಿಲ್ಲ. ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ನಿಧಾನವಾಗುವ ದೇಶದ ಅರ್ಜಿಯನ್ನು ಮೊದಲು, ಬೇಗ ಸಿಗುವುದನ್ನು ಕೊನೆಗೆ ಹಾಕಿದರೆ, ಒಂದು ಬರುವ ಹೊತ್ತಿಗೆ ಇನ್ನೊಂದರ ಅವಧಿ ತೀರುವ ತೊಂದರೆ ತಪ್ಪುತ್ತದೆ.

ನೌಕರಿಯ ಅಥವಾ ವೀಸಾದ ಅರ್ಜಿನಮೂನೆ ತುಂಬುವಾಗ, ಕೇಳಿದ ಪ್ರಶ್ನೆಗೇ ಉತ್ತರಿಸಿ. ‘ಶಿಕ್ಷೆಯಾಗಿದೆಯೇ’ ಎಂದಿದ್ದರೆ, ಕೈಬಿಟ್ಟ ದೂರಿಗೆ ಉತ್ತರ ‘ಇಲ್ಲ’ ಎಂದೇ. ‘ಎಂದಾದರೂ ಬಂಧಿಸಲಾಗಿದೆಯೇ’ ಅಥವಾ ‘ತನಿಖೆಗೆ ಒಳಪಟ್ಟಿದ್ದೀರಾ’ ಎಂದಿದ್ದರೆ, ನಡೆದದ್ದನ್ನು ನಡೆದಂತೆಯೇ ಬರೆದು ಮುಕ್ತಾಯದ ಪತ್ರವನ್ನು ಜೊತೆಗಿಡಿ. ಹಳೆಯ ಜಗಳವನ್ನು ಬಹುಪಾಲು ಅಧಿಕಾರಿಗಳು ಅರ್ಥಮಾಡಿಕೊಂಡಾರು. ಮುಚ್ಚಿಟ್ಟ ಸಂಗತಿ ಆಮೇಲೆ ಹೊರಬಂದರೆ ವೀಸಾ ನಿರಾಕರಣೆಗೆ ಅದೊಂದೇ ಕಾರಣ ಸಾಕಾಗುತ್ತದೆ.

ದಾಖಲೆಯಲ್ಲಿ ತಪ್ಪು ಕಂಡರೆ ಅದನ್ನು ಮೂಲದಲ್ಲೇ ತಿದ್ದಿಸಬೇಕು. ಎಫ್‌ಬಿಐ ದಾಖಲೆಯನ್ನು ಪ್ರಶ್ನಿಸಲು ಶುಲ್ಕವಿಲ್ಲ. ಆದರೆ ಬಂಧನವನ್ನು ವರದಿ ಮಾಡಿದ ಸ್ಥಳೀಯ ಸಂಸ್ಥೆ ಅಥವಾ ನ್ಯಾಯಾಲಯ ಫಲಿತಾಂಶವನ್ನು ತಿಳಿಸಿದಾಗಲೇ ಅಲ್ಲಿ ಬದಲಾವಣೆ ಆಗುತ್ತದೆ. ಖಾಸಗಿ ಕಂಪನಿಯ ವರದಿಯನ್ನು ಆಧರಿಸಿ ಕೆಲಸ ನಿರಾಕರಿಸುವ ಮೊದಲು ಅಮೆರಿಕದ ಉದ್ಯೋಗದಾತರು ಆ ವರದಿಯ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕೆಂದು, ಇಂಥ ಹಿನ್ನೆಲೆ ವರದಿಗಳಿಗೂ ಅನ್ವಯಿಸುವ ನ್ಯಾಯಯುತ ಸಾಲ ವರದಿ ಕಾಯ್ದೆ ವಿಧಿಸುತ್ತದೆ. ಆ ಪ್ರತಿಯನ್ನು ಸಾಲುಸಾಲಾಗಿ ಓದಿ ಕೂಡಲೇ ಆಕ್ಷೇಪಣೆ ಸಲ್ಲಿಸಿ. ಸಂಸ್ಥೆಯವರು ನಿಮ್ಮ ಬಗ್ಗೆ ವಿಚಾರಿಸುವ ಮುನ್ನವೇ ನೀವೇ ನಿಮ್ಮ ದಾಖಲೆ ತರಿಸಿ ನೋಡಿದರೆ, ತಿದ್ದುಪಡಿಗೆ ಬೇಕಾದ ಸಮಯ ನಿಮ್ಮ ಕೈಯಲ್ಲಿರುತ್ತದೆ.

ಪ್ರಶ್ನೆ: ವೃದ್ಧ ತಾಯಿಯ ಆರೈಕೆಗೆ ಒಬ್ಬರನ್ನು ನೇಮಿಸಿಕೊಳ್ಳಲಿದ್ದೇನೆ. ಅವರ ಅಪರಾಧ ದಾಖಲೆಯನ್ನು ಅವರಿಗೆ ತಿಳಿಸದೆ ನಾನೇ ಪೊಲೀಸರಿಂದ ಪಡೆಯಬಹುದೇ?

ಉತ್ತರ: ತಿಳಿಸದೆ ಪಡೆಯುವ ಪ್ರಯತ್ನ ಮಾಡಬೇಡಿ. ನಿಮ್ಮ ಆತಂಕ ನ್ಯಾಯವಾದದ್ದೇ, ಆದರೆ ಮತ್ತೊಬ್ಬರ ಅಪರಾಧ ದಾಖಲೆ ಬಹುತೇಕ ಕಡೆ ಅವರ ಒಪ್ಪಿಗೆಯ ಮೇಲೆಯೇ ದೊರೆಯುತ್ತದೆ. ಅಮೆರಿಕದಲ್ಲಿ ಕಂಪನಿಯ ಮೂಲಕ ಪರಿಶೀಲಿಸಲು ಅಭ್ಯರ್ಥಿಯ ಲಿಖಿತ ಅನುಮತಿ ಬೇಕು. ಕೆನಡಾದ ಒಂಟಾರಿಯೊದಲ್ಲಿ ಫಲಿತಾಂಶ ಮೊದಲು ಅಭ್ಯರ್ಥಿಯ ಕೈಗೇ ಹೋಗುತ್ತದೆ, ಮುಂದೆ ತೋರಿಸುವುದು ಬಿಡುವುದು ಅವರ ನಿರ್ಧಾರ. ಪೊಲೀಸರಲ್ಲಿರುವ ತಮ್ಮ ಮಾಹಿತಿಯನ್ನು ತರಿಸಿಕೊಡುವಂತೆ ಕೆಲಸಕ್ಕೆ ಸೇರುವವರನ್ನು ಬಲವಂತಪಡಿಸುವುದು ಬ್ರಿಟನ್ನಿನಲ್ಲಿ 2018ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 184ನೇ ಕಲಮಿನಡಿ ಅಪರಾಧ. ಅದರ ಬದಲು ಅಭ್ಯರ್ಥಿಯೇ ಬೇಸಿಕ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ತರುವ ದಾರಿ ಇದೆ.

ನೇಮಕದ ಮಾತುಕತೆಯಲ್ಲೇ ಪ್ರಮಾಣಪತ್ರ ಬೇಕೆಂದು ಅವರಿಗೆ ಹೇಳಿ, ಅದರ ಖರ್ಚನ್ನು ನೀವೇ ಭರಿಸಿ, ಮೂಲ ಪ್ರತಿಯನ್ನೇ ನೋಡಿ. ಪತ್ರ ಶುದ್ಧವಾಗಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಅದು ಒಂದು ದೇಶದ, ಒಂದು ದಿನದವರೆಗಿನ ದಾಖಲೆಯನ್ನು ಮಾತ್ರ ಹೇಳುತ್ತದೆ. ಆಕ್ರೊ ಪತ್ರದಲ್ಲಂತೂ ‘ನೋ ಟ್ರೇಸ್’ ಎಂದರೆ ದಾಖಲೆಯೇ ಇಲ್ಲವೆಂದು, ‘ನೋ ಲೈವ್ ಟ್ರೇಸ್’ ಎಂದರೆ ದಾಖಲೆ ಇದ್ದರೂ ಈಗ ಬಹಿರಂಗಪಡಿಸುವಂಥದ್ದಲ್ಲವೆಂದು ಅರ್ಥ. ಆದ್ದರಿಂದ ಅವರು ಹಿಂದೆ ಕೆಲಸ ಮಾಡಿದ ಕನಿಷ್ಠ ಎರಡು ಮನೆಯವರೊಂದಿಗೆ ಖುದ್ದಾಗಿ ಮಾತನಾಡಿ, ಎಷ್ಟು ಕಾಲ ಇದ್ದರು, ಯಾವ ಕಾರಣಕ್ಕೆ ಬಿಟ್ಟರು, ಔಷಧಿ ಮತ್ತು ಹಣದ ವಿಷಯದಲ್ಲಿ ಹೇಗಿದ್ದರು ಎಂದು ಕೇಳಿ. ಪತ್ರದಲ್ಲಿ ಹಳೆಯ ಸಣ್ಣ ಶಿಕ್ಷೆಯೊಂದು ಕಂಡುಬಂದರೆ, ಅದು ತಾಯಿಯವರ ಆರೈಕೆಗೆ ನೇರವಾಗಿ ಸಂಬಂಧಿಸಿದ್ದೇ, ನಡೆದು ಎಷ್ಟು ಕಾಲವಾಯಿತು ಎಂಬುದನ್ನು ನೋಡಿ, ಅಭ್ಯರ್ಥಿಗೆ ವಿವರಣೆ ಕೊಡಲು ಅವಕಾಶ ಮಾಡಿಕೊಟ್ಟ ಬಳಿಕವೇ ತೀರ್ಮಾನಿಸಿ. ನೇಮಕ ನಿರ್ಧಾರವಾದ ಮೇಲೆ ಪ್ರತಿಗಳನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಹಿಂದಿರುಗಿಸಿ ಅಥವಾ ನಾಶಪಡಿಸಿ.