ಹಳೆಯ ಎಂಡ್ಯೂರೊ ಸೈಕಲ್ ತಗೊಳ್ಳಬಹುದಾ?

ಪ್ರಶ್ನೆ: ಪರಿಚಿತರೊಬ್ಬರು ತಮ್ಮ ಫುಲ್ ಸಸ್ಪೆನ್ಷನ್ (ಎರಡೂ ಚಕ್ರಕ್ಕೆ ಕುಲುಕು ತಡೆಯುವ ಶಾಕ್ ಇರುವ) ಎಂಡ್ಯೂರೊ ಸೈಕಲ್, ಅಂದರೆ ಕಡಿದಾದ ಇಳಿಜಾರಿನ ಗುಡ್ಡಗಾಡು ಸೈಕಲ್ ಮಾರುತ್ತಿದ್ದಾರೆ. ಹಿಂದೆ ಮುಂದೆ 160 ಮಿ.ಮೀ. ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) ಇದೆ. ರಾಜಹಂಸಗಡದ ಗುಡ್ಡದ ಕಡೆ ಓಡಿಸುವ ಆಸೆ. ಏನೇನು ನೋಡಲಿ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಮನೆ ಮುಂದೆ ಒಂದು ಸುತ್ತು ಹೊಡೆದು ತೀರ್ಮಾನ ಮಾಡಬೇಡಿ. ಡಾಂಬರಿನ ಮೇಲೆ ಎಲ್ಲ ಸೈಕಲ್ಲೂ ಚೆನ್ನಾಗೇ ಅನಿಸುತ್ತವೆ.

ಮೊದಲು ಹಿಂದಿನ ಶಾಕ್‌ಗೆ ನಿಮ್ಮ ತೂಕಕ್ಕೆ ತಕ್ಕಷ್ಟು ಗಾಳಿ ತುಂಬಿಸಿ. ಅದರ ಮೇಲಿನ ರಬ್ಬರ್ ಉಂಗುರವನ್ನು ಶಾಕ್‌ನ ಬಾಯಲ್ಲಿರುವ ಸೀಲ್‌ವರೆಗೆ ತಳ್ಳಿ. ಹೆಲ್ಮೆಟ್, ಬ್ಯಾಗ್ ಸಮೇತ ಮೆಲ್ಲಗೆ ಹತ್ತಿ ಕುಳಿತು, ಕುಲುಕದೆ ಇಳಿಯಿರಿ. ಉಂಗುರ, ಶಾಕ್ ಪೂರ್ತಿ ಕುಗ್ಗುವ ದೂರದ, ಅಂದರೆ ಸ್ಟ್ರೋಕ್‌ನ ಸುಮಾರು 30% ಸರಿದಿರಬೇಕು. 60 ಮಿ.ಮೀ. ಸ್ಟ್ರೋಕ್ ಇದ್ದರೆ 18 ಮಿ.ಮೀ. ಈ ಹದ ಕೂಡದೆ ಸೈಕಲ್ ಹೇಗಿದೆ ಅಂತ ಹೇಳೋಕಾಗಲ್ಲ.

ಆಮೇಲೆ ಫ್ರೇಮಿನ ಹಿಂಭಾಗ ಮೇಲೆ ಕೆಳಗೆ ಆಡುವ ಕೀಲುಗಳು. ಸೀಟಿನ ಕೆಳಗೆ ಫ್ರೇಮ್ ಹಿಡಿದು ನಿಧಾನ ಎತ್ತಿ. ಹಿಂದಿನ ಚಕ್ರ ನೆಲ ಬಿಡುವ ಮೊದಲೇ ‘ಟಕ್’ ಅಂದರೆ ಬೇರಿಂಗ್ ಇಲ್ಲವೇ ಶಾಕ್‌ನ ಬುಶಿಂಗ್ ಸವೆದಿದೆ. ನಮ್ಮ ಕಡೆ ಮಳೆಗಾಲದ ಕೆಂಪು ರಾಡಿ ಬೇರಿಂಗ್ ಒಳಗೆ ಸೇರಿದರೆ ಬೇಗ ಕೆಡುತ್ತವೆ. ಮುಂದಿನ ಫೋರ್ಕ್‌ನ ನುಣುಪು ಕೊಳವೆ ಮೇಲೆ ಉಗುರು ಆಡಿಸಿ. ಉಗುರಿಗೆ ಸಿಗುವ ಗೀರು ಇದ್ದರೆ ನಾನಂತೂ ತಗೊಳ್ಳಲ್ಲ, ರಿಪೇರಿ ದುಬಾರಿ. ಬ್ರೇಕು, ಗೇರು ಹೇಗೂ ನೋಡುತ್ತೀರಿ, ಅಲ್ವಾ?

ಇನ್ನೊಂದು ಮಾತು. ಎಂಡ್ಯೂರೊ ಸೈಕಲ್ ಇರುವುದೇ ಕಲ್ಲುಬಂಡೆಯ ಕಡಿದಾದ ಇಳಿಜಾರಿಗೆ. ತೂಕ 15 ಕೆ.ಜಿ. ಆಸುಪಾಸು. ನೀವು ಜಾಸ್ತಿ ಹೊಲದ ದಾರಿ, ಸಾಧಾರಣ ಏರಿಳಿತದಲ್ಲೇ ಓಡಿಸುವವರಾದರೆ 130 ಮಿ.ಮೀ.ನ ಟ್ರೇಲ್ ಸೈಕಲ್ ಸಾಕು, ಏರು ಹತ್ತುವಾಗ ಅದೇ ಹಗುರ.